ಕಟ್ಟಿ ನಿಂತ ನೀರು, ಹೊರಟು ನಿಂತ ಮನೆ

ಮುಂಬಯಿ ಹೊರವಲಯದ ಡೊಂಬಿವಲಿಯ ರೈಲುನಿಲ್ದಾಣದಲ್ಲಿ ಮೂವತ್ತೆಂಟು ವರ್ಷ ಬೆಳಗು ಬೈಗು ನಿಂತು ಸವೆದ ನನ್ನಂಥವನಿಗೆ ಕಸಾರಾ ಎಂಬುದು ಒಂದು ಊರಿನ ಹೆಸರೆಂದು ಎಂದೂ ತೋರಿದುದಿಲ್ಲ. ಅದು ಸೂಚನಾಫಲಕದ ಮೇಲೆ ಮಿನುಗುವ ‘ಎನ್’ ಎಂಬ ಒಂದಕ್ಷರ. ಆ ಅಕ್ಷರ ಮೂಡಿತೆಂದರೆ ಬರಲಿರುವ ಗಾಡಿ ನಮ್ಮದಲ್ಲವೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿಯತಕ್ಕದ್ದು. ದೂರದವರ ಗಾಡಿಯನ್ನು ಹತ್ತಿರದವರು ಹತ್ತಿದರೆ ಬಾಗಿಲಲ್ಲಿ ಗೋಡೆಯಾಗಿ ನಿಂತು ಇಳಿಯಗೊಡದ ಶಿಕ್ಷೆಯೊಂದು ಆ ಮಾರ್ಗದಲ್ಲಿ ಲಾಗಾಯ್ತಿನಿಂದ ನಡೆದುಬಂದಿದೆ. ನಾನೂ ತಾರುಣ್ಯದಲ್ಲಿ ಒಮ್ಮೆ ಅದಕ್ಕೆ ಗುರಿಯಾಗಿ, ಕಣ್ಣೆದುರು ಹಾದುಹೋದ ಡೊಂಬಿವಲಿಗೆ ನಮಸ್ಕಾರ ಹೇಳಿ ಕಲ್ಯಾಣದಲ್ಲಿ ಇಳಿದವನು. ‘ಎಸ್’ ಎಂದರೆ ಕರ್ಜತ್. ಹುಬ್ಬಳ್ಳಿ ಧಾರವಾಡಗಳಿಗೆ ಹೋಗುವ ಗಾಡಿಗಳು ಆ ದಿಕ್ಕಿಗೇ ಹೊರಳುವುದರಿಂದ ಕಲ್ಯಾಣದ ತೆಂಕಣ ಕವಲು ನನ್ನ ಮನಸ್ಸಿನ ನಕ್ಷೆಯಲ್ಲಿ ಬೆಟ್ಟ, ಸುರಂಗ, ಕೊನೆಗೆ ತಾಯಿಯ ಮನೆ ಎಲ್ಲವನ್ನೂ ಒಳಗೊಂಡು ಜೀವಂತವಾಗಿತ್ತು. ಬಡಗಣ ಕವಲು ಒಂದಕ್ಷರದಲ್ಲಿ ಮುಗಿದುಹೋಗಿತ್ತು. ನಿವೃತ್ತನಾದ ಮೇಲೆ ಆ ಅಕ್ಷರದ ಆಚೆಗೆ ಏನಿದೆಯೆಂದು ನೋಡಿಬರಬೇಕೆಂಬ ಹಂಬಲ ಹುಟ್ಟಿದುದು, ಮತ್ತು ಅದು ಕಳೆದ ವೈಶಾಖದ ಕೊನೆಯಲ್ಲಿ ಗಾಲಿಗಳ ಮೇಲಣ ಒಂದು ಮನೆಯ ರೂಪದಲ್ಲಿ ಕೈಗೂಡಿದುದು ಈ ಲೇಖನಕ್ಕೆ ಕಾರಣ.

ಗಾಲಿಗಳ ಮೇಲಣ ಮನೆ ಎಂದೆ. ಈಗಿನವರು ಅದನ್ನು ಕ್ಯಾಂಪರ್‌ವ್ಯಾನ್ ಎನ್ನುವರು, ಸರ್ಕಾರದವರು ಕಾರವಾನ್ ಎನ್ನುವರು. ಮಹಾರಾಷ್ಟ್ರವೂ ಕೇರಳವೂ 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದೊಂದು ನೀತಿಯನ್ನು ಪ್ರಕಟಿಸಿದವು. ನಮಗೆ ಚಾಲಕನ ಸಮೇತ ಬಾಡಿಗೆಗೆ ದೊರೆತುದು ಟೆಂಪೋ ಟ್ರಾವೆಲರ್ ಜಾತಿಯ ಒಂದು ವಾಹನ. ಅದರ ಒಡಲಲ್ಲಿ ನಾಲ್ಕು ಮಲಗುವ ಹಲಗೆಗಳು, ಮಡಿಸುವ ಮೇಜು, ಒಂದು ಒಲೆ, ಅಂಗೈಯಗಲದ ಬಚ್ಚಲು, ನೆತ್ತಿಯ ಮೇಲೆ ನೀರಿನ ತೊಟ್ಟಿ. ಪಕ್ಕದಿಂದ ಹೊರಕ್ಕೆ ಎಳೆದರೆ ನೆರಳು ಬಿಚ್ಚಿಕೊಳ್ಳುವ ಒಂದು ಮೇಲ್ಕಟ್ಟು. ನೋಡಿದೊಡನೆ ನನ್ನ ಹೆಂಡತಿ ‘ಇದೇನು ಹೊಸದೇ, ನಮ್ಮ ಸವಾರಿ ಬಂಡಿ’ ಎಂದಳು. ಮತ್ತು ಆ ಮಾತು ನಿಜವಾಗಿತ್ತು. ಬಾಲ್ಯದಲ್ಲಿ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಬಿದಿರಿನ ಕಮಾನು ಕಟ್ಟಿ, ಕೆಳಗೆ ಹುಲ್ಲು ಹಾಸಿ, ಸಜ್ಜೆರೊಟ್ಟಿ ಶೇಂಗಾಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಟ ಬಂಡಿಗಳು ಇರುಳಾದಲ್ಲಿ ಕೊಳ್ಳು ಹರಿದು ನಿಲ್ಲುತ್ತಿದ್ದವು. ನಿಂತಲ್ಲಿ ಮೂರು ಕಲ್ಲು ಹೂಡಿದರೆ ಮನೆಯಾಗುತ್ತಿತ್ತು, ಬೆಳಗಾದರೆ ಕಲ್ಲುಗಳು ಮಾತ್ರ ಉಳಿಯುತ್ತಿದ್ದವು. ಆ ಬಂಡಿಗೂ ಈ ವಾಹನಕ್ಕೂ ನಾನು ಕಂಡ ಭೇದ ಒಂದೇ: ಬಂಡಿಯಲ್ಲಿ ಹೋದವರು ಎಲ್ಲಿ ನೀರಿದೆಯೋ ಅಲ್ಲಿ ನಿಲ್ಲುತ್ತಿದ್ದರು, ನಾವು ನೀರನ್ನು ನೆತ್ತಿಯ ಮೇಲೆ ಹೊತ್ತುಕೊಂಡೇ ಹೊರಟಿದ್ದೆವು. ಈ ಭೇದ ಅಲ್ಪವಾದುದಲ್ಲವೆಂಬುದು ಮೊದಲನೆಯ ದಿನವೇ ತಿಳಿದುಬಂತು.

ಹೊರಟುದು ನವಿ ಮುಂಬಯಿಯ ನೆರೂಳಿನಿಂದ, ಮಗಳ ಮನೆಯ ಕೆಳಗಿನಿಂದ. ಆ ನಗರವನ್ನು ಸಿಡ್ಕೋ ಸಂಸ್ಥೆ 1970ರ ಬಳಿಕ ಜೌಗುನೆಲದ ಮೇಲೆ ರೂಪಿಸುವಾಗ, ಸಮುದ್ರದ ಉಬ್ಬರಕ್ಕಿಂತ ತಗ್ಗಾದ ಭಾಗಗಳಲ್ಲಿ ಮಳೆಯ ನೀರು ಹೊರಹೋಗಲಾರದೆಂದು ಎಣಿಸಿ, ಅದು ಇಳಿತ ಬರುವ ತನಕ ಕಾದು ನಿಲ್ಲಲೆಂದು ವಿಶಾಲವಾದ ಕೊಳಗಳನ್ನು ಬಿಟ್ಟಿತು. ಇಂಥ ಜಲಮಡುಗಳಲ್ಲಿಯೂ ಕೊಲ್ಲಿಯ ಕೆಸರುಬಯಲುಗಳಲ್ಲಿಯೂ ಚಳಿಗಾಲದಿಂದ ಬೇಸಗೆಯವರೆಗೆ ಗುಲಾಬಿವರ್ಣದ ರಾಜಹಂಸಗಳು ಸಾವಿರಗಟ್ಟಲೆಯಾಗಿ ತಂಗುತ್ತವೆ. ಠಾಣೆ ಕೊಲ್ಲಿಯು 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದುದು ಬಹುಮಟ್ಟಿಗೆ ಈ ನೀಳಗಾಲಿನ ಅತಿಥಿಗಳ ಪುಣ್ಯದಿಂದ. ನಾವು ಹೊರಟಾಗ ಹಿಂಡುಗಳು ಹಾರಿಹೋಗಿ, ತಡಮಾಡಿದ ಒಂದಿಷ್ಟು ಹಕ್ಕಿಗಳು ಮಾತ್ರ ತಲೆ ತಗ್ಗಿಸಿ ಕೆಸರು ಸೋಸುತ್ತಿದ್ದವು. ಕೆಲವು ವರ್ಷಗಳಿಗೆಂದು ಬಂದು ಇಲ್ಲಿಯೇ ಉಳಿದುಹೋದ ನಮ್ಮವರ ಗುಂಪು ನನಗೆ ನೆನಪಾಯಿತು. ಹೇಳಲಿಲ್ಲ, ಏಕೆಂದರೆ ಮಗಳು ನವಿ ಮುಂಬಯಿಯನ್ನು ತನ್ನ ಊರೆಂದೇ ತಿಳಿದವಳು.

ಠಾಣೆಯಲ್ಲಿ ಗೆಳೆಯ ದಂಪತಿಗಳು ಸೇರಿಕೊಳ್ಳಬೇಕಾಗಿತ್ತು. ಅವರ ಮನೆ ಮಾಸುಂದಾ ಕೆರೆಯ ಬಳಿ, ಊರವರ ಬಾಯಲ್ಲಿ ತಲಾವಪಾಳಿ. ಠಾಣೆಯನ್ನು ಕೆರೆಗಳ ಊರೆಂದು ಹೊಗಳುವುದು ವಾಡಿಕೆ, ಮತ್ತು ಮೂವತ್ತಕ್ಕೂ ಮಿಕ್ಕ ಕೆರೆಗಳು ಇಂದಿಗೂ ಅಲ್ಲಿ ಕಟ್ಟಡಗಳ ನಡುವೆ ಉಸಿರು ಹಿಡಿದುಕೊಂಡಿವೆ. ಮಾಸುಂದಾದ ದಡದಲ್ಲಿ ಕೌಪೀನೇಶ್ವರನ ಗುಡಿ. ಪೇಶವೆಗಳ ಕಾಲದಲ್ಲಿ ಜೀರ್ಣೋದ್ಧಾರವಾದ ಆ ಗುಡಿಯ ಮೂಲವನ್ನು ಶಿಲಾಹಾರರ ಕಾಲಕ್ಕೆ ಒಯ್ಯುವರು. ಶಿಲಾಹಾರರೆಂದೊಡನೆ ಕುಂದಾಪುರದವನಾದ ನನ್ನ ಗೆಳೆಯನ ಮುಖ ಅರಳುತ್ತದೆ. ಅದಕ್ಕೆ ಕಾರಣವಿದೆ. ಉತ್ತರ ಕೊಂಕಣವನ್ನಾಳಿದ ಈ ಸಾಮಂತರು ಮಾನ್ಯಖೇಟದ ರಾಷ್ಟ್ರಕೂಟರಿಗೆ ತಲೆಬಾಗಿದವರು. ಕನ್ಹೇರಿಯ ಗವಿಗಳ ಶಾಸನಗಳಲ್ಲಿ ಶಿಲಾಹಾರ ಕಪರ್ದಿಯು ತನ್ನ ಒಡೆಯನಾಗಿ ಸ್ಮರಿಸುವುದು ಅಮೋಘವರ್ಷನನ್ನು, ಎಂದರೆ ಯಾವನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೋ ಆ ನೃಪತುಂಗನನ್ನು. ಮುಂದೆ ಈ ರಾಜರ ತಾಮ್ರಪಟಗಳಲ್ಲಿ ಸಂಸ್ಕೃತದ ಬಿರುದಾವಳಿಯ ನಡುವೆ ‘ನನ್ನಿಸಮುದ್ರ’ ಎಂಬೊಂದು ಬಿರುದು ಬರುತ್ತದೆ. ನನ್ನಿ ಎಂದರೆ ಸತ್ಯ, ಸತ್ಯದ ಕಡಲು. ಸಾವಿರ ವರ್ಷಗಳ ಹಿಂದೆ ಠಾಣೆಯ ಅರಸನೊಬ್ಬನು ತನ್ನನ್ನು ಅಚ್ಚಗನ್ನಡದ ಒಂದು ಶಬ್ದದಿಂದ ಕರೆಸಿಕೊಳ್ಳಲು ಹೆಮ್ಮೆಪಟ್ಟನೆಂಬುದು, ಸಾಯಂಕಾಲದ ಗಾಡಿಯಲ್ಲಿ ಫೋನಿನಲ್ಲಿ ಕನ್ನಡ ಮಾತಾಡಲು ದನಿ ತಗ್ಗಿಸುವ ನಮ್ಮ ಮಕ್ಕಳು ಕೇಳಬೇಕಾದ ಸುದ್ದಿ. ಆದರೆ ಇದರಿಂದ ಠಾಣೆ ನಮ್ಮದೆಂದು ವಾದಿಸಹೊರಡುವುದು ಅವಿವೇಕ. ಕೆರೆಯ ನೀರು ಯಾವ ಹಳ್ಳದಿಂದ ಬಂದುದೆಂದು ಬಿಂದುಬಿಂದುವಾಗಿ ಬೇರ್ಪಡಿಸುವವರುಂಟೆ?

ಭಿವಂಡಿಯ ಉಗ್ರಾಣಗಳನ್ನು ಹಿಂದಿಕ್ಕಿ ನಾಸಿಕದ ಹೆದ್ದಾರಿಯಲ್ಲಿ ಸಾಗುವಾಗ, ವಾಹನದ ಬಚ್ಚಲನ್ನು ಪರೀಕ್ಷಿಸುವ ಉತ್ಸಾಹ ನಮ್ಮೆಲ್ಲರಿಗೂ ಬಂತು. ಓಡುವ ಮನೆಯಲ್ಲಿ ಮೀಯುವುದು ಒಂದು ಸುಖ. ನಾಲ್ಕು ಜನ ಒಬ್ಬರಾದಮೇಲೊಬ್ಬರು ಮಿಂದು, ಪಾತ್ರೆ ತೊಳೆದು, ಗೆಳೆಯನು ಮೀಸೆ ತಿದ್ದಿಕೊಂಡು ಮುಗಿಸುವ ಹೊತ್ತಿಗೆ ಶಹಾಪುರ ದಾಟಿತ್ತು, ನೆತ್ತಿಯ ತೊಟ್ಟಿ ಬರಿದಾಗಿತ್ತು. ರಸ್ತೆಯ ಅಂಚಿನ ಒಂದು ಖಾನಾವಳಿಯ ಮುಂದೆ ನಿಲ್ಲಿಸಿ, ಊಟ ನಿಮ್ಮಲ್ಲಿಯೇ ಮಾಡುವೆವು, ತೊಟ್ಟಿಯನ್ನಷ್ಟು ತುಂಬಿಸಿಕೊಡಿ ಎಂದೆವು. ಯಜಮಾನನು ನಮ್ಮನ್ನು ನೋಡಲಿಲ್ಲ, ವಾಹನವನ್ನು ನೋಡಿದ. ಅದರ ನೆತ್ತಿಯಿಂದ ಗಾಲಿಯವರೆಗೆ ನಿಧಾನವಾಗಿ ನೋಡಿ, ‘ಟಂಚಾಯಿ ಆಹೇ ಸಾಹೇಬ’ ಎಂದ. ಟಂಚಾಯಿ ಎಂದರೆ ಅಭಾವ, ಕೊರತೆ. ಮರಾಠಿ ಪತ್ರಿಕೆಗಳಲ್ಲಿ ಚೈತ್ರದಿಂದ ಮೃಗಶಿರೆಯವರೆಗೆ ಪ್ರತಿದಿನ ಕಾಣುವ ಆ ಶಬ್ದವನ್ನು ನಾನು ಮೊದಲ ಸಲ ಒಬ್ಬ ಮನುಷ್ಯನ ಬಾಯಿಂದ ಕೇಳಿದೆ. ಅವನ ಅಂಗಡಿಗೂ ನೀರು ಟ್ಯಾಂಕರಿನಿಂದಲೇ. ಬೇಕಿದ್ದರೆ ಇಪ್ಪತ್ತು ಲೀಟರಿನ ಡಬ್ಬಗಳನ್ನು ಕೊಳ್ಳಬಹುದು.

ಈ ತಾಲೂಕಿನ ಭೂಗೋಳವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳದೆ ಗತ್ಯಂತರವಿಲ್ಲ. ಮುಂಬಯಿ ಮಹಾನಗರದ ಬಾಯಾರಿಕೆಯನ್ನು ತಣಿಸುವ ಜಲಾಶಯಗಳಲ್ಲಿ ಹಿರಿಯವೆಲ್ಲ ಶಹಾಪುರ ಮತ್ತು ಅದರ ನೆರೆಯ ಮಲೆಗಳಲ್ಲಿವೆ. ತಾನಸಾ 1892ರಲ್ಲಿ ಪೂರ್ಣಗೊಂಡುದು. ವೈತರಣೆಗೆ ಸ್ವಾತಂತ್ರ್ಯಾನಂತರ ಒಂದರ ಮೇಲೊಂದರಂತೆ ಮೂರು ಕಟ್ಟುಗಳಾದವು. ಭಾತಸಾ ಒಂದೇ ನಗರದ ನೀರಿನ ಅರ್ಧದ ಸಮೀಪದಷ್ಟನ್ನು ಒದಗಿಸುತ್ತದೆ. (ಯಮಲೋಕದ ಗಡಿಯಲ್ಲಿ ಹರಿಯುವ ನದಿಯ ಹೆಸರನ್ನಿಟ್ಟುಕೊಂಡ ವೈತರಣೆಯನ್ನು ಮುಂಬಯಿಯ ಜನ ನಿತ್ಯ ಪ್ರಾತಃಕಾಲದಲ್ಲಿ ಚಹಾ ಮಾಡಿ ಕುಡಿಯುತ್ತಿರುವುದನ್ನು ಯಾವ ಪುರಾಣಿಕನೂ ಗಮನಿಸಿದಂತಿಲ್ಲ.) ಆ ನೀರು ಆಳುದ್ದದ ಕೊಳವೆಗಳಲ್ಲಿ ಇದೇ ನೆಲದ ಮೇಲೆ ಪಶ್ಚಿಮಕ್ಕೆ ಹರಿದುಹೋಗುತ್ತದೆ, ಮತ್ತು ಬೇಸಗೆ ಬಂದಾಗ ಇದೇ ತಾಲೂಕಿನ ಆದಿವಾಸಿ ಹಾಡಿಗಳಾದ ಪಾಡಾಗಳಿಗೆ ಟ್ಯಾಂಕರು ಹೋಗುತ್ತದೆ. ಇಲ್ಲಿನ ಕಪ್ಪುಕಲ್ಲು ಮಳೆಗಾಲದಲ್ಲಿ ಬಿದ್ದುದೆಲ್ಲವನ್ನೂ ಜಾರಿಸಿಬಿಡುವ ಜಾತಿಯದು. ನೆಲದೊಳಕ್ಕೆ ಇಳಿಯುವುದು ಅತ್ಯಲ್ಪ. ಕಟ್ಟಿದಲ್ಲಿ ಮಾತ್ರ ನಿಲ್ಲುತ್ತದೆ, ಮತ್ತು ಕಟ್ಟಿದುದು ಬೇರೆಯವರಿಗಾಗಿ.

ಊಟಕ್ಕೆ ಕುಳಿತಲ್ಲಿಂದ ಕಾಣುವಷ್ಟು ದೂರದಲ್ಲಿ ಒಂದು ಪಾಡಾ ಇತ್ತು. ಟ್ಯಾಂಕರು ಬಂದಿತು. ನೀರನ್ನು ಮನೆಮನೆಗೆ ಹಂಚುವರೆಂದು ನಾನು ಭಾವಿಸಿದ್ದೆ. ಹಾಗಲ್ಲ, ದಪ್ಪ ನಳಿಗೆಯನ್ನು ಒಣಗಿದ ಬಾವಿಯೊಳಕ್ಕೆ ಇಳಿಬಿಟ್ಟು ಟ್ಯಾಂಕರಿನ ಒಡಲನ್ನೆಲ್ಲ ಅದರಲ್ಲಿ ಸುರಿದರು. ನಮ್ಮ ಜೀವಮಾನದಲ್ಲಿ ಬಾವಿಯಿಂದ ನೀರು ಸೇದುವುದನ್ನು ಕಂಡಿದ್ದೆವಲ್ಲದೆ ಬಾವಿಗೆ ನೀರು ಹೊಯ್ಯುವುದನ್ನು ಕಂಡಿದ್ದಿಲ್ಲ. ಟ್ಯಾಂಕರು ಹೊರಟೊಡನೆ ಬಾವಿಯ ಸುತ್ತ ಹೆಂಗಸರು ಕೂಡಿದರು. ಹಗ್ಗಗಳು ಒಂದಕ್ಕೊಂದು ತೊಡರದಂತೆ, ಮಾತಿಲ್ಲದೆ, ಬಹುಕಾಲದ ರೂಢಿಯಿಂದ ಬಂದ ಒಂದು ಲಯದಲ್ಲಿ ಕೊಡಗಳು ಇಳಿದು ಏರಿದವು, ತಲೆಯ ಮೇಲೆ ಎರಡೆರಡು ಹಂಡೆಗಳು ಕುಳಿತವು, ಕಾಲುಗಂಟೆಯಲ್ಲಿ ಬಾವಿ ಮತ್ತೆ ಕೆಸರಾಯಿತು. ಕನ್ನಡದ ಮಕ್ಕಳಿಗೆ ‘ಕೆರೆಗೆ ಹಾರ’ದ ಭಾಗೀರಥಿಯನ್ನು ತಿಳಿಯಹೇಳುವ ಅಗತ್ಯವಿಲ್ಲ, ಊರಿನ ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿಗೊಟ್ಟ ಆ ಕಥೆಯಲ್ಲಿ, ಆಹುತಿಯಾದವಳ ಊರಿಗೆ ಕೊನೆಗೆ ನೀರಾದರೂ ಬರುತ್ತದೆ. ಗೆಳೆಯನ ಹೆಂಡತಿ ಎದ್ದುಹೋಗಿ ವಾಹನದ ಬಚ್ಚಲಿನ ಕಿಟಕಿಯಲ್ಲಿ ಒಣಗಹಾಕಿದ್ದ ನಾಲ್ಕು ಒದ್ದೆ ಟವೆಲುಗಳನ್ನು ಒಳಕ್ಕೆ ತೆಗೆದುಕೊಂಡರು. ನಾವು ನಾಲ್ಕು ಡಬ್ಬಗಳನ್ನು ಕೊಂಡೆವು. ಆ ಪ್ರಯಾಣದಲ್ಲಿ ಮುಂದೆ ಯಾರೂ ಬಚ್ಚಲಿನ ಮಾತೆತ್ತಲಿಲ್ಲ.

ಕಸಾರಾ ಬಂತು. ಅದೊಂದು ಊರೇ, ನಿಲ್ದಾಣ, ಚಹಾದಂಗಡಿ, ಎಲೆಯ ದೊನ್ನೆಯಲ್ಲಿ ಕವಳೆಹಣ್ಣನ್ನೂ ನೇರಿಳೆಯನ್ನೂ ಮಾರುವ ಹೆಂಗಸರು, ಹಿಂದೆ ಗೋಡೆಯಂತೆ ಎದ್ದ ಸಹ್ಯಾದ್ರಿ. ಹಿಂದೂಸ್ಥಾನದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಬಂತು, ಮರುವರ್ಷ ಕಲ್ಯಾಣ ಮುಟ್ಟಿತು. ಆದರೆ ಈ ಘಾಟವನ್ನೇರಿ ಇಗತಪುರಿಯನ್ನು ಸೇರಲು 1865ರವರೆಗೆ ಕಾಯಬೇಕಾಯಿತು. ಮೂವತ್ತೇಳು ಅಡಿಗೆ ಒಂದಡಿ ಏರುವ ಹಳಿಯ ಮೇಲೆ ಗಾಡಿಯನ್ನು ಹಿಂದಿನಿಂದ ನೂಕಲು ಇಂದಿಗೂ ಕಸಾರಾದಲ್ಲಿ ಹೆಚ್ಚಿನ ಎಂಜಿನುಗಳನ್ನು ಜೋಡಿಸುವರು. ರಸ್ತೆಯವರಿಗೆ ಈಗ ಸಮೃದ್ಧಿ ಮಹಾಮಾರ್ಗದ ಸುರಂಗವಿದೆ. ಅದು ಘಾಟವನ್ನು ಕೆಲವೇ ನಿಮಿಷಗಳಲ್ಲಿ ನುಂಗಿಬಿಡುತ್ತದೆ. ಬೆಟ್ಟವನ್ನು ನೋಡಲು ಹೊರಟವರು ಬೆಟ್ಟದೊಳಗೆ ನುಸುಳಿ ಹೋಗುವುದು ತರವಲ್ಲವೆಂದು ನಾವು ಹಳೆಯ ದಾರಿಯನ್ನೇ ಹಿಡಿದೆವು, ಲಾರಿಗಳ ಹೊಗೆ ಕುಡಿದೆವು, ಪಶ್ಚಾತ್ತಾಪವನ್ನೂ ಸ್ವಲ್ಪ ಪಟ್ಟೆವು. ಘೋಟಿಯಲ್ಲಿ ‘ಉಡುಪಿ’ ಎಂಬ ಫಲಕ ಕಂಡು ಗೆಳೆಯನು ವಾಹನ ನಿಲ್ಲುವ ಮುನ್ನವೇ ಇಳಿದು, ಗಲ್ಲೆಯ ಮೇಲಿದ್ದವನನ್ನು ಕುಂದಗನ್ನಡದಲ್ಲಿ ವಿಚಾರಿಸಿದ. ಆ ತರುಣನು ನಾಸಿಕದವನು, ಉಡುಪಿಯನ್ನು ಕಂಡವನಲ್ಲ, ಉಡುಪಿ ಎಂಬುದು ಊರೆಂದು ಕೇಳಿ ಆಶ್ಚರ್ಯಪಟ್ಟ. ಅವನು ಅದನ್ನು ಇಡ್ಲಿಯ ಒಂದು ಪ್ರಕಾರವೆಂದು ತಿಳಿದಿದ್ದನಂತೆ. ನನಗೆ ಕಸಾರಾ ಒಂದಕ್ಷರವಾಗಿದ್ದಂತೆ ಅವನಿಗೆ ಉಡುಪಿ ಒಂದು ತಿಂಡಿ, ಲೆಕ್ಕ ಸರಿಹೋಯಿತು. ಇಡ್ಲಿ ಚೆನ್ನಾಗಿತ್ತು.

ಘೋಟಿಯಿಂದ ಬಲಕ್ಕೆ ಹೊರಳಿ ಭಂಡಾರದರೆಯ ದಾರಿ ಹಿಡಿದಾಗ ಪಡುವಣ ಬೆಳಕಿನಲ್ಲಿ ಕಳಸೂಬಾಯಿ ಶಿಖರ ಕಾಣಿಸಿತು. 1646 ಮೀಟರ್ ಎತ್ತರದ ಈ ಗಿರಿ ಮಹಾರಾಷ್ಟ್ರದಲ್ಲಿ ಎಲ್ಲಕ್ಕಿಂತ ಉನ್ನತವಾದುದು. ಆದರೂ ಅದರಲ್ಲಿ ಗರ್ವವಿಲ್ಲ, ಕಂಬಳಿ ಹೊದ್ದು ಕುಳಿತ ಅಜ್ಜಿಯ ಭಂಗಿಯಿದೆ. ಅದರ ಅಡಿಯಿಂದ ಸ್ವಲ್ಪ ಮುಂದೆ ನೀರು. ಪ್ರವರಾ ನದಿಗೆ ಅಡ್ಡಲಾಗಿ ಕಲ್ಲಿನಿಂದ ಕಟ್ಟಿದ ಈ ಅಣೆಯನ್ನು 1926ರಲ್ಲಿ ಅಂದಿನ ಮುಂಬಯಿ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಉದ್ಘಾಟಿಸಿದುದರಿಂದ ಅದಕ್ಕೆ ವಿಲ್ಸನ್ ಅಣೆಕಟ್ಟೆಂದು ಹೆಸರು; ಹಿಂದಣ ನೀರಿಗೆ ಆರ್ಥರ್ ಸರೋವರವೆಂದು. ಎತ್ತರ 270 ಅಡಿ; ತುಂಬಿದಾಗ 11 ಟಿಎಂಸಿ. ಕನ್ನಂಬಾಡಿಯ 49ರ ಮುಂದೆ ಇದು ಮರಿಯೇ. ಆದರೆ ಎರಡೂ ಒಂದೇ ಕಾಲದ ಕೂಸುಗಳು, ಮತ್ತು ಈ ಮಲೆಗಳಿಗೂ ನಮಗೂ ಒಂದು ಸಂಬಂಧವುಂಟು. ಪುಣೆಯಲ್ಲಿ ಓದಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಸಹಾಯಕ ಎಂಜಿನಿಯರರಾಗಿ ಮೊದಲು ನೇಮಕಗೊಂಡುದು ಇದೇ ನಾಸಿಕ ಸೀಮೆಗೆ. ಕನ್ನಂಬಾಡಿಯನ್ನು ಕಟ್ಟಿಸಿದ ಕೈ ನೀರನ್ನು ಹಿಡಿಯುವ ವಿದ್ಯೆಯನ್ನು ರೂಢಿಸಿಕೊಂಡುದು ದಖ್ಖನಿನ ಈ ಒರಟು ಕಲ್ಲುಗಳ ನಡುವೆ. ಅವರು 1908ರಲ್ಲಿ ಈ ಪ್ರಾಂತದ ಸೇವೆಯನ್ನು ಬಿಟ್ಟ ಬಳಿಕ ಭಂಡಾರದರೆಯ ಕೆಲಸ ಆರಂಭವಾಯಿತು. ಆ ನೀರು ಕಾಲುವೆಗಳಲ್ಲಿ ಇಳಿದು ಬಯಲುಸೀಮೆಯನ್ನು ಕಬ್ಬಿನ ನಾಡು ಮಾಡಿತು. 1950ರಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರ ನೆರವಿನಿಂದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಡೆಸತೊಡಗಿದುದು ಇದೇ ಪ್ರವರೆಯ ಕೆಳದಂಡೆಯಲ್ಲಿ.

ಶೇಂಡಿ ಎಂಬ ಹಳ್ಳಿಯಲ್ಲಿ ಒಂದು ವಸತಿಗೃಹದ ಅಂಗಳದೊಳಗೆ, ಸರೋವರಕ್ಕೆ ಮುಖಮಾಡಿ, ನಮ್ಮ ಮನೆಯನ್ನು ನಿಲ್ಲಿಸಿದೆವು. ನಮ್ಮ ದೇಶದಲ್ಲಿ ಗಾಲಿಮನೆಯವರಿಗೆ ಇದೊಂದು ತೊಡಕು: ಮನೆ ಇದೆ, ಅದನ್ನಿಡಲು ನೆಲವಿಲ್ಲ. ಕಾಡಿನ ಅಂಚಿನಲ್ಲಿ ನಿಲ್ಲಿಸಿದರೆ ಅರಣ್ಯದವರು, ಊರೊಳಗೆ ನಿಲ್ಲಿಸಿದರೆ ಊರೆಲ್ಲ ಮಕ್ಕಳು. ವೈಶಾಖವಾದುದರಿಂದ ನೀರು ಆಳಕ್ಕೆ ಇಳಿದು, ದಡದಲ್ಲಿ ಅದು ಇಳಿದ ಒಂದೊಂದು ವಾರವೂ ಒಂದೊಂದು ಗೆರೆಯಾಗಿ ಉಳಿದಿತ್ತು. ಅಣೆಯ ಕೆಳಗೆ ಛತ್ರಿಯಂತೆ ಹರಡಿ ಬೀಳುವ ಪ್ರಸಿದ್ಧ ಧಬಧಬೆಯೂ ಇರಲಿಲ್ಲ. ಕೇಳಿದರೆ, ‘ಆವರ್ತನ’ ಮುಗಿದಿದೆ ಎಂದರು. ಕಾಲುವೆಗೆ ಸರದಿಯಂತೆ ನೀರು ಬಿಡುವುದಕ್ಕೆ ಇಲ್ಲಿನ ರೈತರು ಹೇಳುವ ಮಾತದು. ಋತುಮಾನ, ತಿಥಿ, ನಕ್ಷತ್ರಗಳಂತೆ ಅದೂ ಒಂದು ಪಂಚಾಂಗ. ಜಲಪಾತವು ಎಂಜಿನಿಯರನ ಆಜ್ಞೆಗೆ ಕಾಯುತ್ತದೆ.

ಆದರೆ ನಾವು ಬಂದ ಕಾಲದ ಸೌಭಾಗ್ಯ ಬೇರೆ ಇತ್ತು. ಮಳೆಗೆ ಮುನ್ನ, ಮೇ ತಿಂಗಳ ಕೊನೆಯಿಂದ ಜೂನಿನ ಮೊದಲ ವಾರಗಳವರೆಗೆ, ಕಳಸೂಬಾಯಿ ಹರಿಶ್ಚಂದ್ರಗಡ ಅಭಯಾರಣ್ಯದ ಈ ದರಿಗಳಲ್ಲಿ ಮಿಂಚುಹುಳುಗಳು ಏಳುತ್ತವೆ. ಕತ್ತಲಾದ ಮೇಲೆ ಹಳ್ಳಿಯ ಹುಡುಗನೊಬ್ಬನು ನಮ್ಮನ್ನು ಕಾಲುದಾರಿಯಲ್ಲಿ ಕರೆದೊಯ್ದು, ಕೈದೀಪ ಆರಿಸಿ ಎಂದ. ಮೊದಲು ಏನೂ ಇಲ್ಲ. ಆಮೇಲೆ ಒಂದು ಅಳಲೆಯ ಮರದ ತುದಿಯಲ್ಲಿ ಕಿಡಿಯೊಂದು ಹೊತ್ತಿ ನಂದಿತು. ಅದಕ್ಕೆ ಓಗೊಟ್ಟಂತೆ ಇನ್ನೊಂದು. ಬಳಿಕ ಕೊಂಬೆ ಕೊಂಬೆಗಳಲ್ಲಿ, ಎಲೆ ಎಲೆಗಳ ಅಂಚಿನಲ್ಲಿ, ಸಹಸ್ರಾವಧಿ ಕಿಡಿಗಳು ಒಮ್ಮೆಗೇ ಬೆಳಗಿ ಒಮ್ಮೆಗೇ ಆರುತ್ತ, ಮರವು ಉಸಿರಾಡುತ್ತಿದೆಯೋ ಎಂಬಂತೆ, ಆ ಉಸಿರು ನೆರೆಯ ಮರಕ್ಕೆ, ಅಲ್ಲಿಂದ ಕಣಿವೆಗೆ ಹರಡಿತು. ಗಂಡುಹುಳು ಹೆಣ್ಣನ್ನು ಕರೆಯುವ ಕ್ರಮವಿದು. ಒಡಲೊಳಗಣ ರಸವೊಂದು ಪ್ರಾಣವಾಯುವಿನೊಡನೆ ಬೆರೆತು ಬಿಸಿಯಿಲ್ಲದ ಬೆಳಕಾಗುತ್ತದೆ. ಬಯಸಿದವರು ದೊರೆತು ಮೊಟ್ಟೆಯಿಟ್ಟ ಕೆಲವೇ ದಿನಗಳಲ್ಲಿ ಆಯುಷ್ಯ ಮುಗಿಯುತ್ತದೆ. ಇದನ್ನೆಲ್ಲ ಗೆಳೆಯನು ವಿವರಿಸಲಾರಂಭಿಸಿದ. ಅವನ ಹೆಂಡತಿ ‘ಶ್ಶ್’ ಎಂದರು. ವಾರಾಂತ್ಯದಲ್ಲಿ ಇಲ್ಲಿಗೆ ಸಾಲುಗಟ್ಟಿ ಬರುವ ಕಾರುಗಳ ದೀಪಗಳಿಂದ ಹುಳುಗಳು ಗೊಂದಲಗೊಳ್ಳುವುದರಿಂದ ಅರಣ್ಯ ಇಲಾಖೆ ಪ್ರವೇಶಕ್ಕೆ ಹೊತ್ತುಗೊತ್ತುಗಳನ್ನು ವಿಧಿಸಿದೆ, ಒಳ್ಳೆಯದೇ ಆಯಿತು. ನಾವು ಹೋದುದು ಮಂಗಳವಾರ. ಹಿಂದಿರುಗಿ ಗಾಲಿಮನೆಯ ಹಲಗೆಯ ಮೇಲೆ ಮಲಗಿದಾಗ, ಸುತ್ತಲೂ ಸಪ್ಪಳವೇ ಇಲ್ಲದುದರಿಂದ, ಮೂವತ್ತೆಂಟು ವರ್ಷ ಕಿವಿಯಲ್ಲಿ ಕುಳಿತಿದ್ದ ಗಾಡಿಗಳು ಒಂದೊಂದಾಗಿ ಹೊರಟುಹೋಗುವುದನ್ನು ಕೇಳುತ್ತ ಬಹಳ ಹೊತ್ತು ಎಚ್ಚರವಾಗಿದ್ದೆ.

ಮರುದಿನ ಸರೋವರದ ದಂಡೆಯನ್ನು ಬಳಸಿ ರತನವಾಡಿಗೆ ಹೋದೆವು. ಅಲ್ಲಿನ ಅಮೃತೇಶ್ವರ ಗುಡಿಯನ್ನು ಶಿಲಾಹಾರ ಝಂಝನು ಕಟ್ಟಿಸಿದನೆಂದು ಪ್ರತೀತಿ. ಕೆತ್ತಿದ ಶಿಖರದ ಮೇಲೆ ಪಾಚಿಯ ಕಪ್ಪು, ಪಕ್ಕದಲ್ಲಿ ಗೂಡುಗಳೊಳಗೆ ವಿಷ್ಣುಮೂರ್ತಿಗಳನ್ನಿರಿಸಿಕೊಂಡ ಒಂದು ಪುಟ್ಟ ಪುಷ್ಕರಣಿ. ಹಿಂದೆ ರತನಗಡ, ಪ್ರವರೆ ಹುಟ್ಟುವುದು ಆ ಬೆಟ್ಟದಲ್ಲಿ. ಮೇಲೆ ಘಾಟಘರದ ಅಂಚಿಗೆ ನಿಂತರೆ ಸಹ್ಯಾದ್ರಿಯು ಕತ್ತರಿಸಿದಂತೆ ಮುಗಿದು ಕೆಳಗೆ ಕೊಂಕಣ ತೆರೆದುಕೊಳ್ಳುತ್ತದೆ, ಮತ್ತು ಆ ಕೊಂಕಣ ಬೇರಾವುದೂ ಅಲ್ಲ, ಹಿಂದಿನ ದಿನವಷ್ಟೇ ನಾವು ಡಬ್ಬದ ನೀರು ಕೊಂಡ ಶಹಾಪುರ ತಾಲೂಕು. ಈ ಏಣಿನ ಮೇಲೆ ಬಿದ್ದ ಹನಿಯೊಂದು ಈಚೆಗೆ ಹೊರಳಿದರೆ ಪ್ರವರೆಯಾಗಿ ಗೋದಾವರಿಯಾಗಿ ಮೂಡಣ ಸಮುದ್ರಕ್ಕೆ, ಆಚೆಗೆ ಹೊರಳಿದರೆ ಮುಂಬಯಿಯ ಸಮುದ್ರಕ್ಕೆ. ಮನುಷ್ಯನು ಇಲ್ಲಿಯೂ ಕೈಯಾಡಿಸಿದ್ದಾನೆ. 2008ರಲ್ಲಿ ಕೆಲಸ ಆರಂಭಿಸಿದ ಘಾಟಘರದ ವಿದ್ಯುದಾಗಾರದಲ್ಲಿ ಮೇಲಣ ಕಟ್ಟೆಯ ನೀರನ್ನು ಬೆಟ್ಟದೊಳಗಿನ ಸುರಂಗದಿಂದ ಶಹಾಪುರದ ಕಡೆಯ ಕೆಳಗಣ ಕಟ್ಟೆಗೆ ಧುಮುಕಿಸಿ 250 ಮೆಗಾವಾಟ್ ವಿದ್ಯುತ್ತನ್ನು ಪಡೆಯುವರು. ನಗರಗಳು ಮಲಗಿ ಬೇಡಿಕೆ ಇಳಿದಾಗ, ಅದೇ ನೀರನ್ನು ಮತ್ತೆ ಮೇಲಕ್ಕೆ ಎತ್ತುವರು. ಹೀಗೆ ಪ್ರವರೆಯ ನೀರು ಶಹಾಪುರಕ್ಕೆ ಇಳಿಯುತ್ತದೆ, ಶಹಾಪುರದಿಂದ ಏರುತ್ತದೆ. ಇಳಿದಾಗ ಯಾರಾದರೂ ಅದರಿಂದ ಒಂದು ಕೊಡ ತುಂಬಿಕೊಳ್ಳುವರೋ ಎಂದು ನನ್ನ ಹೆಂಡತಿ ಕೇಳಿದಳು. ಗೆಳೆಯನಿಗೆ ಎಲ್ಲಕ್ಕೂ ಉತ್ತರವಿರುತ್ತದೆ. ಅಂದು ಅವನು ಕನ್ನಡಕ ಒರೆಸಿಕೊಂಡ.

ಹೊರಡುವ ಮುನ್ನ ಶೇಂಡಿಯಲ್ಲಿ ತೊಟ್ಟಿಯನ್ನು ತುಂಬಿಸಿಕೊಂಡೆವು. ಸರೋವರದ ನೀರು, ತಣ್ಣಗೆ, ಸ್ವಲ್ಪ ಎಲೆಯ ವಾಸನೆ.

ಅಕೋಲೆ, ಸಂಗಮನೇರ, ಆಳೆಫಾಟಾಗಳ ವಿಷಯದಲ್ಲಿ ಹೆಚ್ಚು ಹೇಳಲಾರೆ. ಸಣ್ಣ ಊರುಗಳನ್ನು ವಾಹನದ ಕಿಟಕಿಯಿಂದ ನೋಡಿ ಬಣ್ಣಿಸುವವರ ಧೈರ್ಯ ನನಗಿಲ್ಲ. ಸಂತೆ, ಬಸ್‌ಸ್ಟ್ಯಾಂಡು, ಕಬ್ಬಿನ ರಸದ ಗಾಣದ ಗೆಜ್ಜೆ, ಹೆಸರು ಬದಲಾದ ಜಿಲ್ಲೆಯ ಹೊಸ ಫಲಕಗಳು. ಅಹಮದನಗರ ಈಗ ಅಹಿಲ್ಯಾನಗರ. ಅಕೋಲೆಯ ಸೇತುವೆಯ ಮೇಲೆ ಮಾತ್ರ ಗೆಳೆಯನು ವಾಹನವನ್ನು ನಿಲ್ಲಿಸಿ ಪ್ರವರೆಯನ್ನು ನೋಡಿದ. ಕವಿರಾಜಮಾರ್ಗಕಾರನು ಕನ್ನಡನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿರುವುದು ನಮ್ಮ ಸಭೆಗಳಲ್ಲಿ ಸವೆದುಹೋದ ಮಾತು. ಆದರೆ ಆ ಗೋದಾವರಿಗೆ ಹೋಗಿ ಸೇರುವ ನೀರು ಬಂಡೆಗಳ ಸಂದಿನಲ್ಲಿ ಮೊಣಕಾಲುದ್ದ ಹರಿಯುವುದನ್ನು, ಅದರಲ್ಲಿ ಒಬ್ಬ ಮುದುಕ ಎಮ್ಮೆ ತೊಳೆಯುವುದನ್ನು ಕಾಣುವುದು ಬೇರೆ. ಎಮ್ಮೆಗೆ ಗಡಿಯ ಪ್ರಶ್ನೆಯಲ್ಲಿ ಆಸಕ್ತಿಯಿರಲಿಲ್ಲ.

ಮಾಳಶೇಜ ಘಾಟದ ಖ್ಯಾತಿಯೆಲ್ಲ ಮಳೆಗಾಲದ್ದು. ಆಗ ರಸ್ತೆಯ ಮೇಲೆಯೇ ಜಲಪಾತಗಳು ಬೀಳುವುವೆಂದೂ ಮುಂಬಯಿಯ ತರುಣರು ಅವುಗಳ ಕೆಳಗೆ ಕಾರು ನಿಲ್ಲಿಸಿ ಮೀಯುವರೆಂದೂ ಎಲ್ಲರೂ ಬಲ್ಲರು. ನಾವು ಕಂಡುದು ಆ ಜಲಪಾತಗಳು ಬಂಡೆಯ ಮೇಲೆ ಬಿಟ್ಟುಹೋದ ಉದ್ದುದ್ದ ಕಲೆಗಳನ್ನು. ಘಾಟದ ಮೇಲ್ಗಡೆ ಪಿಂಪಳಗಾವ್ ಜೋಗಾದ ಜಲಾಶಯವೂ ಹಾಳೆಯಂತೆ ತೆಳುವಾಗಿ, ಅಂಚುಗಳಲ್ಲಿ ಬಿರಿದಿತ್ತು. ಘಾಟ ಇಳಿದ ಮೇಲೆ ಎಡಗಡೆ, ಆಕಾಶಕ್ಕೆ ಹೆಬ್ಬೆರಳು ಮಾಡಿದಂತೆ ನಿಂತ ಒಂದು ಕಲ್ಲುಗೋಡಿನ ಬಳಿ ನಾಣೇಘಾಟ. ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣ, ಸೋಪಾರಾ ಬಂದರುಗಳ ಸರಕು ಎತ್ತಿನ ಮೇಲೆ ಜುನ್ನರಕ್ಕೆ ಏರುತ್ತಿದ್ದುದು ಆ ಕಂಡಿಯಿಂದ. ಶಾತವಾಹನ ರಾಣಿ ನಾಗನಿಕೆಯ ಶಾಸನ ಅಲ್ಲಿನ ಗವಿಯ ಗೋಡೆಗಳ ಮೇಲಿದೆ. ನಮ್ಮ ದೇಶದ ಅತಿ ಪ್ರಾಚೀನ ಅಂಕಿಗಳಲ್ಲಿ ಕೆಲವು ಅದರಲ್ಲಿವೆ. ಕಂಡಿಯ ಬಾಯಲ್ಲಿ ಕಲ್ಲಿನ ಒಂದು ದೊಡ್ಡ ಹರವಿ. ಸುಂಕದ ನಾಣ್ಯಗಳನ್ನು ಹಾಕುತ್ತಿದ್ದುದು ಅದರಲ್ಲೇ ಎಂದು ಜನ ಹೇಳುವರು. ಮರಾಠಿಯ ‘ನಾಣೆ’ ನಮ್ಮ ನಾಣ್ಯವೇ. ನಮ್ಮ ಮಂಡಿಗಳು ಆ ಏರನ್ನು ಒಪ್ಪಲಿಲ್ಲವಾದುದರಿಂದ ಕೆಳಗಿನಿಂದಲೇ ಕೈಮುಗಿದೆವು. ಚಾಲಕನು ಆ ಹರವಿಯ ಕಥೆಯನ್ನು ಕೇಳಿ, ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮುಟ್ಟಿ ನೋಡಿಕೊಂಡ.

ಮುರಬಾಡದಿಂದ ಕಲ್ಯಾಣಕ್ಕೆ ಬರುವ ದಾರಿಯಲ್ಲಿ ಮನೆಗಳು ದಟ್ಟವಾಗುತ್ತ, ಬೆಟ್ಟಗಳು ಹಿಂದೆ ನಿಂತು, ಗಾಳಿಗೆ ನಮ್ಮ ಪರಿಚಯದ ರಾಸಾಯನಿಕ ಪರಿಮಳ ಬಂತು. ಯವನ ನಾವಿಕರು ಕಲ್ಲಿಯೇನ ಎಂದು ಬರೆದಿಟ್ಟ ಆ ಪುರಾತನ ಬಂದರಿನಲ್ಲಿ ಈಗ ಬಂದಿಳಿಯುವುದು ಜನ. ಪತ್ರೀಪೂಲಿನ ಮೇಲೆ ಒಂದು ಗಂಟೆ ನಿಂತು, ಕೆಳಗೆ ಹಾದುಹೋಗುವ ಗಾಡಿಗಳನ್ನು ಎಣಿಸಿದೆವು. ಅವುಗಳಲ್ಲೊಂದು ‘ಎನ್’. ಈ ಸಲ ನನಗೆ ಅದರ ಕೊನೆಯಲ್ಲಿ ಕವಳೆಹಣ್ಣಿನ ದೊನ್ನೆ ಕಾಣಿಸಿತು.

ಡೊಂಬಿವಲಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ವಾಹನ ನಿಂತಾಗ ಇರುಳು ಹತ್ತು ಗಂಟೆ. ಬಾಡಿಗೆಯ ಕರಾರಿನಂತೆ ತೊಟ್ಟಿಯನ್ನು ಬರಿದುಮಾಡಿ ಒಪ್ಪಿಸಬೇಕು. ನಿಂತ ನೀರು ಕೆಡುವುದಂತೆ. ಚಾಲಕನು ಅಡಿಯ ತಿರುಪನ್ನು ತಿರುಗಿಸಿದ. ಶೇಂಡಿಯ ನೀರು ಸಿಮೆಂಟಿನ ನೆಲದ ಮೇಲೆ ಬಿದ್ದು, ದೀಪದ ಬೆಳಕಿನಲ್ಲಿ ಹೊಳೆಯುತ್ತ ಮೋರಿಯ ಕಡೆಗೆ ಹರಿಯತೊಡಗಿತು. ಅಷ್ಟರಲ್ಲಿ ನಮ್ಮ ರಾತ್ರಿಯ ಕಾವಲುಗಾರ, ಹನ್ನೊಂದು ವರ್ಷಗಳಿಂದ ಬಾಗಿಲು ತೆಗೆದು ಮುಚ್ಚುತ್ತಿರುವ ಆತನ ಊರು ಯಾವುದೆಂದು ನಾನು ಎಂದೂ ಕೇಳಿದವನಲ್ಲ, ತನ್ನ ಗೂಡಿನಿಂದ ಎರಡು ಬಕೆಟುಗಳನ್ನು ಹಿಡಿದು ಓಡಿಬಂದ. ಒಂದನ್ನು ತಿರುಪಿನ ಕೆಳಗಿರಿಸಿ, ತುಂಬಿದೊಡನೆ ಹನಿಯೂ ಚೆಲ್ಲದಂತೆ ಎಳೆದು ಇನ್ನೊಂದನ್ನು ಒಡ್ಡಿದ. ‘ತಡೆಯಿರಿ, ಇನ್ನೂ ಒಂದು ಪಾತ್ರೆ ತರುತ್ತೇನೆ’ ಎಂದು ಮರಾಠಿಯಲ್ಲಿ ಹೇಳಿ ಮತ್ತೆ ಓಡಿದ. ನಾನು ಬಗ್ಗಿ ತಿರುಪನ್ನು ಮುಚ್ಚಿ ಹಿಡಿದುಕೊಂಡು ನಿಂತೆ. ಅವನು ಬರುವವರೆಗೆ ಕೇಳಬೇಕೆಂದಿದ್ದ ಪ್ರಶ್ನೆಯನ್ನು, ಬಂದಮೇಲೆ ಕೇಳಿದೆ. ಕಸಾರಾದ ಹತ್ತಿರ, ಎಂದ.